ಚೀನಾದೊಡನೆ ಬೀಜದ ವ್ಯವಹಾರ : ಹೈಬ್ರಿಡ್ ಭತ್ತ ಕಲಿಸುವ ಪಾಠ

ನಮ್ಮ ಬೇಸಾಯಕ್ಕೂ ಚೀನಾ ದೇಶಕ್ಕೂ ಇರುವ ನಂಟು ಮೇಲ್ನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು. ಕಳೆ ತೆಗೆಯುವ ಸಣ್ಣ ಯಂತ್ರ, ಬೆನ್ನಿಗೆ ಹೊರುವ ಸಿಂಪರಣಾ ಯಂತ್ರ, ಪೀಡೆನಾಶಕಗಳ ಮೂಲ ರಾಸಾಯನಿಕ, ಡಿ.ಎ.ಪಿ. ಗೊಬ್ಬರ ಇವೆಲ್ಲ ಆ ದೇಶದಿಂದ ನಮ್ಮ ಹೊಲಗಳಿಗೆ ಬಂದಿವೆ. ನಮ್ಮ ಒಣಮೆಣಸಿನಕಾಯಿ, ನುಚ್ಚಕ್ಕಿ ಅಲ್ಲಿಗೆ ಹೋಗಿವೆ. ಇತ್ತೀಚಿನ ವರ್ಷಗಳಲ್ಲಿ ರೈತ ಉತ್ಪಾದಕರ ಕಂಪನಿಗಳು ಹೆಚ್ಚಿದಂತೆ ಹೊರದೇಶದ ಬೀಜ, ಯಂತ್ರ ಹಾಗೂ ಖರೀದಿಯ ಪ್ರಸ್ತಾಪಗಳು ಹಳ್ಳಿಯವರೆಗೂ ಬರತೊಡಗಿವೆ. ಇಂತಹ ವ್ಯವಹಾರಕ್ಕೆ ಕೈಹಾಕಬಹುದೆ ಎಂಬ ಪ್ರಶ್ನೆಯನ್ನು ಅನೇಕ ರೈತ ಬಾಂಧವರು ಕೇಳುತ್ತಾರೆ.

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ಬರುವುದಿಲ್ಲ. ಆದರೆ ಉತ್ತರ ಹುಡುಕಲು ಒಳ್ಳೆಯ ಉದಾಹರಣೆಯೊಂದು ನಮ್ಮ ಮುಂದಿದೆ. ಅದು ಹೈಬ್ರಿಡ್ ಭತ್ತ. ಚೀನಾದಲ್ಲಿ ಹುಟ್ಟಿದ ಈ ತಂತ್ರವನ್ನು ಬೇರೆ ಬೇರೆ ದೇಶಗಳು ಬೇರೆ ಬೇರೆ ರೀತಿಯಲ್ಲಿ ಪಡೆದವು. ಯಾರು ಹೇಗೆ ಪಡೆದರು, ಅದರಿಂದ ಯಾರಿಗೆ ಏನು ದಕ್ಕಿತು ಎಂಬುದನ್ನು ನೋಡಿದರೆ, ನಾವು ಇಡಬೇಕಾದ ಹೆಜ್ಜೆ ತಾನಾಗಿ ತಿಳಿಯುತ್ತದೆ.

ಹೈಬ್ರಿಡ್ ಭತ್ತ ಹುಟ್ಟಿದ ಬಗೆ

ಭತ್ತದ ಒಂದೇ ಹೂವಿನಲ್ಲಿ ಗಂಡು ಮತ್ತು ಹೆಣ್ಣು ಭಾಗಗಳೆರಡೂ ಇರುತ್ತವೆ. ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಹೀಗಾಗಿ ಎರಡು ತಳಿಗಳ ನಡುವೆ ದೊಡ್ಡ ಪ್ರಮಾಣದಲ್ಲಿ ಸಂಕರ ಮಾಡಬೇಕಾದರೆ, ಪರಾಗವೇ ಬಂಜೆಯಾಗಿರುವ ಗಿಡ ಬೇಕು. ಚೀನಾದ ಹುನಾನ್ ಪ್ರಾಂತದ ಕೃಷಿ ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದ ಯುವಾನ್ ಲಾಂಗ್‌ಪಿಂಗ್ ಅವರು 1964ರಲ್ಲಿ ಇಂತಹ ಗಿಡದ ಹುಡುಕಾಟವನ್ನು ಆರಂಭಿಸಿದರು. 1970ರ ನವೆಂಬರ್‌ನಲ್ಲಿ ಅವರ ಸಹಾಯಕರಿಗೆ ಹೈನಾನ್ ದ್ವೀಪದ ಕಾಡು ಭತ್ತದ ನಡುವೆ ಪರಾಗ ಬಂಜೆಯಾದ ಒಂದು ಗಿಡ ದೊರೆಯಿತು. ಆ ಒಂದು ಗಿಡದ ಗುಣವನ್ನು ಬೇಸಾಯದ ತಳಿಗಳಿಗೆ ಸೇರಿಸಿ, 1973ರ ಹೊತ್ತಿಗೆ ಮೂರು ಸಾಲುಗಳ ಪದ್ಧತಿಯನ್ನು ರೂಪಿಸಲಾಯಿತು. 1976ರಿಂದ ಹೈಬ್ರಿಡ್ ಭತ್ತ ಚೀನಾದ ರೈತರ ಗದ್ದೆಗಳಿಗೆ ಬಂದಿತು. ಸಾಮಾನ್ಯ ತಳಿಗಳಿಗಿಂತ ಶೇ. 20ರಷ್ಟು ಹೆಚ್ಚು ಇಳುವರಿ ದೊರೆತುದರಿಂದ, 1990ರ ದಶಕದ ವೇಳೆಗೆ ಆ ದೇಶದ ಭತ್ತದ ಕ್ಷೇತ್ರದ ಸುಮಾರು ಅರ್ಧವನ್ನು ಅದು ಆವರಿಸಿತು.

ಈ ಪದ್ಧತಿಯಲ್ಲಿ ಮೂರು ಸಾಲುಗಳು ಇರುತ್ತವೆ :

ಎ ಸಾಲು : ಇದರ ಪರಾಗ ಬಂಜೆ. ಇದು ತಾಯಿ ಸಾಲು.
ಬಿ ಸಾಲು : ಎ ಸಾಲನ್ನು ವರ್ಷದಿಂದ ವರ್ಷಕ್ಕೆ ಹಾಗೆಯೇ ಕಾಪಾಡಿಕೊಂಡು ಬರುವ ಸಾಲು.
ಆರ್ ಸಾಲು : ಸಂಕರದ ನಂತರ ಫಲವತ್ತತೆಯನ್ನು ಮರಳಿ ಕೊಡುವ ತಂದೆ ಸಾಲು.

ಎ ಮತ್ತು ಆರ್ ಸಾಲುಗಳ ಸಂಕರದಿಂದ ಬಂದ ಬೀಜವೇ ರೈತರ ಕೈಗೆ ಬರುವ ಹೈಬ್ರಿಡ್ ಬೀಜ. ಇದರಿಂದ ಬೆಳೆದ ಭತ್ತವನ್ನು ಮತ್ತೆ ಬಿತ್ತನೆಗೆ ಇಟ್ಟುಕೊಂಡರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಒಡೆದು, ಎತ್ತರ, ಹೂ ಬಿಡುವ ಕಾಲ, ಕಾಳು ಎಲ್ಲವೂ ಬೆರಕೆಯಾಗುತ್ತವೆ. ಆದ್ದರಿಂದ ಪ್ರತಿ ಬೆಳೆಗೂ ಹೊಸ ಬೀಜ ಕೊಳ್ಳಲೇಬೇಕು. ಯಾರ ಬಳಿ ಈ ಮೂರು ಸಾಲುಗಳಿವೆಯೋ ಅವರ ಬಳಿಯೇ ಬೀಜದ ಕಣಜದ ಬೀಗದ ಕೈ ಇರುತ್ತದೆ. ಈ ಒಂದು ಅಂಶವನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

ಮೂರು ಬಗೆಯ ಪಾಲುದಾರರು

ಮೊದಲನೆಯದು ಪರವಾನಗಿ ಪಡೆದವರ ದಾರಿ. 1980ರಲ್ಲಿ ಅಮೆರಿಕದ ಒಂದು ದೊಡ್ಡ ತೈಲ ಕಂಪನಿಗೆ ಸೇರಿದ ಬೀಜ ಸಂಸ್ಥೆಯು ಹೈಬ್ರಿಡ್ ಭತ್ತದ ತಂತ್ರಕ್ಕಾಗಿ ಚೀನಾದೊಡನೆ ಒಪ್ಪಂದ ಮಾಡಿಕೊಂಡಿತು. ಕೃಷಿ ತಂತ್ರಜ್ಞಾನವನ್ನು ಚೀನಾ ಅಮೆರಿಕಕ್ಕೆ ಹೀಗೆ ಕೊಟ್ಟದ್ದು ಅದೇ ಮೊದಲು. ಯುವಾನ್ ಅವರೇ ಅಲ್ಲಿಗೆ ಹೋಗಿ ಮಾರ್ಗದರ್ಶನ ನೀಡಿದರು. ಇಳುವರಿ ಚೆನ್ನಾಗಿಯೇ ಬಂದಿತು. ಆದರೆ ಕಾಳಿನ ಗುಣ ಅಲ್ಲಿನ ಗಿರಣಿಗಳಿಗೆ ಹಿಡಿಸಲಿಲ್ಲ. ಕೈಕೆಲಸವನ್ನೇ ನಂಬಿದ್ದ ಬೀಜೋತ್ಪಾದನೆಯ ಕ್ರಮವೂ ಆಳುಗಳ ಕೂಲಿ ಹೆಚ್ಚಿರುವ ಆ ದೇಶಕ್ಕೆ ಹೊಂದಲಿಲ್ಲ. ಅಮೆರಿಕದ ದಕ್ಷಿಣ ಭಾಗದಲ್ಲಿ ಹೈಬ್ರಿಡ್ ಭತ್ತ ಹರಡಿದ್ದು 2000ದ ನಂತರ, ಅಲ್ಲಿನ ಹವೆಗೂ ಮಾರುಕಟ್ಟೆಗೂ ಹೊಂದುವ ತಳಿಗಳನ್ನು ಸಿದ್ಧಪಡಿಸಿದ ಮೇಲೆ. ಒಪ್ಪಂದದ ಕಾಗದ ಗಟ್ಟಿಯಾಗಿದ್ದರೂ, ತಂತ್ರವನ್ನು ನೆಲಕ್ಕೆ ಹೊಂದಿಸದಿದ್ದರೆ ಫಲವಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಎರಡನೆಯದು ಬೀಜ ಕೊಂಡವರ ದಾರಿ. ವಿಯೆಟ್ನಾಂ ದೇಶವು 1990ರ ದಶಕದ ಆರಂಭದಿಂದ ಚೀನಾದ ಹೈಬ್ರಿಡ್ ಬೀಜವನ್ನು ತರಿಸಿಕೊಂಡಿತು. ಅದರ ಉತ್ತರ ಭಾಗದ ಹವೆ ದಕ್ಷಿಣ ಚೀನಾದ ಹವೆಯನ್ನೇ ಹೋಲುವುದರಿಂದ ಬೆಳೆ ಚೆನ್ನಾಗಿ ಒಗ್ಗಿತು, ರೈತರಿಗೆ ಲಾಭವಾಯಿತು. ಆದರೆ ಬೇಕಾದ ಹೈಬ್ರಿಡ್ ಬೀಜದ ಬಹುಭಾಗಕ್ಕೆ ಗಡಿಯಾಚೆಯ ಮಾರಾಟಗಾರರನ್ನೇ ನೋಡಬೇಕಾದ ಸ್ಥಿತಿ ಒದಗಿತು. ಬಾಂಗ್ಲಾದೇಶವು 1998ರ ಮಹಾ ಪ್ರವಾಹದ ನಂತರ ಭಾರತ ಮತ್ತು ಚೀನಾಗಳಿಂದ ಹೈಬ್ರಿಡ್ ಬೀಜವನ್ನು ಆಮದು ಮಾಡಿಕೊಂಡಿತು. ಜೊತೆಜೊತೆಗೇ ಅದರ ಭತ್ತ ಸಂಶೋಧನಾ ಸಂಸ್ಥೆ ತನ್ನದೇ ಹೈಬ್ರಿಡ್ ತಳಿಯನ್ನು ಸಿದ್ಧಪಡಿಸಿ 2001ರಲ್ಲಿ ಬಿಡುಗಡೆ ಮಾಡಿತು.

ಮೂರನೆಯದು ಮೂಲ ಸಾಲುಗಳನ್ನು ಪಡೆದು ತಮ್ಮಲ್ಲಿ ಪಳಗಿಸಿಕೊಂಡವರ ದಾರಿ. ಭಾರತ ಹಿಡಿದದ್ದು ಇದನ್ನು.

ಮಂಡ್ಯದವರೆಗೆ ಬಂದ ದಾರಿ

ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು 1979ರಲ್ಲಿ ಹೈಬ್ರಿಡ್ ಭತ್ತದ ಕೆಲಸವನ್ನು ಕೈಗೆತ್ತಿಕೊಂಡು, ಚೀನಾದ ವಿಜ್ಞಾನಿಗಳೊಡನೆ ಸಹಕಾರ ಬೆಳೆಸಿತು. ಅಲ್ಲಿ ಈ ಕೆಲಸದ ಮುಂದಾಳತ್ವ ವಹಿಸಿದವರು ಭಾರತೀಯರೇ ಆದ ಡಾ. ಎಸ್. ಎಸ್. ವೀರ್ಮಾನಿ. ಚೀನಾದಿಂದ ಬಂದ ವಿ 20 ಎ, ಜೆನ್‌ಶಾನ್ 97 ಎ ಮುಂತಾದ ತಾಯಿ ಸಾಲುಗಳನ್ನು ಉಷ್ಣವಲಯದ ಗದ್ದೆಗಳಲ್ಲಿ ಬೆಳೆದು ನೋಡಿದಾಗ, ಅವು ಇಲ್ಲಿನ ಹವೆಗೆ ಒಗ್ಗಲಿಲ್ಲ. ರೋಗ ಮತ್ತು ಕೀಟಗಳಿಗೆ ಸುಲಭವಾಗಿ ತುತ್ತಾದವು. ಆಗ ಪರಾಗ ಬಂಜೆತನದ ಗುಣವನ್ನು ಮಾತ್ರ ಉಳಿಸಿಕೊಂಡು, ಅದನ್ನು ಉಷ್ಣವಲಯದ ತಳಿಗಳಿಗೆ ಸೇರಿಸಿ ಹೊಸ ತಾಯಿ ಸಾಲುಗಳನ್ನು ಸಿದ್ಧಪಡಿಸಲಾಯಿತು. ಐ.ಆರ್. 58025 ಎ ಇವುಗಳಲ್ಲಿ ಹೆಸರಾದದ್ದು.

ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1989ರ ಡಿಸೆಂಬರ್‌ನಲ್ಲಿ ಹೈಬ್ರಿಡ್ ಭತ್ತದ ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತು. ಅದರ ಕೇಂದ್ರಗಳಲ್ಲಿ ಮಂಡ್ಯದ ವಿಶ್ವೇಶ್ವರಯ್ಯ ಕಾಲುವೆ ಫಾರಂ ಒಂದು. ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಬುನಾದಿ ಹಾಕಿದವರಲ್ಲಿ ಡಾ. ಎಂ. ಮಹದೇವಪ್ಪನವರು ಪ್ರಮುಖರು. 1994ರಲ್ಲಿ ದೇಶದ ಮೊದಲ ಹೈಬ್ರಿಡ್ ಭತ್ತದ ತಳಿಗಳು ಹೊರಬಂದಾಗ ಅವುಗಳಲ್ಲಿ ಮಂಡ್ಯದ ಕೆ.ಆರ್.ಎಚ್. 1 ಸೇರಿತ್ತು. 1996ರಲ್ಲಿ ಬಂದ ಕೆ.ಆರ್.ಎಚ್. 2 ಕರ್ನಾಟಕದ ಹೊರಗೂ ಹಲವು ರಾಜ್ಯಗಳಲ್ಲಿ ಬೇಸಾಯಕ್ಕೆ ಬಂದಿತು. ಇದರ ತಾಯಿ ಐ.ಆರ್. 58025 ಎ. ತಂದೆ ಸಾಲಾದ ಕೆ.ಎಂ.ಆರ್. 3 ಮಂಡ್ಯದಲ್ಲಿಯೇ ಬೆಳೆಸಿದ್ದು. ಹೈನಾನ್ ದ್ವೀಪದ ಕಾಡು ಭತ್ತದ ಗುಣ ಒಂದು ಕಡೆ, ಮಂಡ್ಯದ ತಂದೆ ಸಾಲು ಇನ್ನೊಂದು ಕಡೆ ಸೇರಿ ಬಂದ ಬೀಜವಿದು. ಬೀಗದ ಕೈ ನಮ್ಮಲ್ಲಿಯೇ ಉಳಿದುದರಿಂದ ನಮ್ಮ ರೈತರೂ ಬೀಜ ನಿಗಮಗಳೂ ಎ ಮತ್ತು ಆರ್ ಸಾಲುಗಳನ್ನು 8:2ರಂತೆ ನೆಟ್ಟು, ಹೂ ಬಿಡುವ ವೇಳೆ ಹಗ್ಗ ಎಳೆದು ಪರಾಗ ಉದುರಿಸಿ, ಬೀಜವನ್ನು ಇಲ್ಲಿಯೇ ತೆಗೆಯಲು ಸಾಧ್ಯವಾಯಿತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಭಾರತ ಮತ್ತು ಚೀನಾಗಳ ನಡುವೆ 1962ರಲ್ಲಿ ಯುದ್ಧವಾಗಿತ್ತು. 2020ರಲ್ಲಿ ಗಡಿಯಲ್ಲಿ ಮತ್ತೆ ರಕ್ತಪಾತವಾಯಿತು. ಎರಡು ಸರ್ಕಾರಗಳ ಸಂಬಂಧ ಹೀಗೆ ಏರುಪೇರಾಗುವಾಗ ನೇರ ವ್ಯವಹಾರ ಯಾವ ದಿನ ಬೇಕಾದರೂ ನಿಲ್ಲಬಹುದು. ಮೂಲ ಸಾಲುಗಳು ಮೂರನೆಯ ದೇಶದ ಸಂಶೋಧನಾ ಸಂಸ್ಥೆಯ ಮೂಲಕ ಬಂದು ನಮ್ಮ ಕೇಂದ್ರಗಳಲ್ಲಿ ನೆಲೆಯೂರಿದ್ದರಿಂದ, ಗಡಿಯ ಬಿಸಿ ಬೀಜದ ಕಣಜಕ್ಕೆ ತಟ್ಟಲಿಲ್ಲ.

ಈ ದಾರಿಯೂ ದೋಷವಿಲ್ಲದ್ದಲ್ಲ. ಐ.ಆರ್. 58025 ಎ ತಾಯಿಯಿಂದ ಬಂದ ಹೈಬ್ರಿಡ್‌ಗಳ ಅನ್ನ ಸ್ವಲ್ಪ ಅಂಟು, ಸ್ವಲ್ಪ ಸುವಾಸನೆ ಇರುವಂಥದು. ಉದುರು ಉದುರಾದ ಅನ್ನ ಬಯಸುವ ದಕ್ಷಿಣದ ಊಟಕ್ಕೆ ಇದು ಪೂರ್ತಿ ಹಿಡಿಸಲಿಲ್ಲ. ಬೀಜದ ಬೆಲೆಯೂ ಸೇರಿ, ನಮ್ಮ ಭಾಗದಲ್ಲಿ ಹೈಬ್ರಿಡ್ ಭತ್ತ ನಿರೀಕ್ಷಿಸಿದಷ್ಟು ಹರಡಲಿಲ್ಲ. ಆದರೆ ಮೂಲ ಸಾಲುಗಳು ನಮ್ಮಲ್ಲಿದ್ದುದರಿಂದ ಈ ದೋಷವನ್ನು ತಿದ್ದುವ ಕೆಲಸವನ್ನೂ ನಾವೇ ಮುಂದುವರಿಸಲು ಬಂದಿತು. ಬರೀ ಬೀಜ ಕೊಂಡವರಿಗೆ ಅಂತಹ ಅವಕಾಶವಿಲ್ಲ.

ಎಚ್ಚರ ಬೇಕಾದ ನಾಲ್ಕು ಕಡೆಗಳು

1. ಒಂದೇ ಬುಡ : ಬಹಳ ಕಾಲ ಹೈಬ್ರಿಡ್ ಭತ್ತದ ಹೆಚ್ಚಿನ ತಳಿಗಳು ಹೈನಾನ್‌ನ ಆ ಒಂದೇ ಕಾಡು ಗಿಡದ ಗುಣವನ್ನು ಆಧರಿಸಿದ್ದವು. ಅಮೆರಿಕದಲ್ಲಿ 1970ರಲ್ಲಿ ಒಂದೇ ಬಗೆಯ ಬಂಜೆ ಗುಣವನ್ನು ನಂಬಿದ್ದ ಮುಸುಕಿನ ಜೋಳದ ಹೈಬ್ರಿಡ್‌ಗಳಿಗೆ ಎಲೆ ಅಂಗಮಾರಿ ರೋಗ ತಗುಲಿ, ಆ ದೇಶದ ಬೆಳೆಯಲ್ಲಿ ಸುಮಾರು ಶೇ. 15ರಷ್ಟು ನಾಶವಾಯಿತು. ಊರಿಗೆ ಊರೇ ಒಂದೇ ಹೈಬ್ರಿಡ್ ಹಾಕುವುದು ಕ್ಷೇಮವಲ್ಲ.

2. ಮೂಲ ಸಾಲುಗಳ ಕಳ್ಳತನ : 2011ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಬೀಜ ಕಂಪನಿಗಳ ಮುಸುಕಿನ ಜೋಳದ ಮೂಲ ಸಾಲುಗಳನ್ನು ಹೊಲದಿಂದಲೇ ಕದ್ದು ಚೀನಾಕ್ಕೆ ಸಾಗಿಸುವ ಸಂಚು ಬಯಲಾಯಿತು. ಚೀನಾದ ಬೀಜ ಕಂಪನಿಯೊಂದಕ್ಕೆ ಸೇರಿದ ವ್ಯಕ್ತಿಗೆ 2016ರಲ್ಲಿ ಮೂರು ವರ್ಷಗಳ ಸೆರೆವಾಸ ವಿಧಿಸಲಾಯಿತು. ಇದನ್ನು ಒಂದು ಇಡೀ ದೇಶದ ಗುಣವೆಂದು ತಿಳಿಯುವುದು ತಪ್ಪು. ಬೀಜ ಕಂಪನಿಗಳು ತಮ್ಮ ಮೂಲ ಸಾಲುಗಳನ್ನು ಸಾಮಾನ್ಯವಾಗಿ ಷರತ್ತಿಲ್ಲದೆ ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಬೀಜೋತ್ಪಾದನೆಯ ಗುತ್ತಿಗೆ ಪಡೆದ ರೈತರು ತಮ್ಮ ಗದ್ದೆಯಲ್ಲಿ ಇರುವುದು ಬರಿಯ ಪೈರಲ್ಲ, ಬೆಲೆಬಾಳುವ ಸ್ವತ್ತು ಎಂಬುದನ್ನು ಅರಿತಿರಬೇಕು.

3. ಕೊಳ್ಳುವವರ ಒಪ್ಪಿಗೆ : ಅಮೆರಿಕದಲ್ಲಿ 2011ರಿಂದ ಕುಲಾಂತರಿ ಮುಸುಕಿನ ಜೋಳದ ಹೊಸ ತಳಿಯೊಂದನ್ನು ಬಿತ್ತನೆಗೆ ಮಾರಲಾಯಿತು. ಅಲ್ಲಿ ಅದಕ್ಕೆ ಮಂಜೂರಾತಿ ಇತ್ತು, ಚೀನಾದಲ್ಲಿ ಇನ್ನೂ ಇರಲಿಲ್ಲ. 2013ರ ನವೆಂಬರ್‌ನಿಂದ ಚೀನಾ ಆ ಜೋಳ ಬೆರೆತಿದ್ದ ಹಡಗುಗಳನ್ನು ತಿರಸ್ಕರಿಸತೊಡಗಿತು. ಉಗ್ರಾಣಗಳಲ್ಲಿ ಎಲ್ಲರ ಕಾಳೂ ಬೆರೆಯುವುದರಿಂದ, ಆ ತಳಿಯನ್ನು ಬಿತ್ತದ ರೈತರಿಗೂ ಧಾರಣೆಯ ಹೊಡೆತ ಬಿತ್ತು. ಚೀನಾದ ಮಂಜೂರಾತಿ ದೊರೆತದ್ದು 2014ರ ಡಿಸೆಂಬರ್‌ನಲ್ಲಿ. ರೈತರು ಹೂಡಿದ ದಾವೆಗಳು 150 ಕೋಟಿ ಡಾಲರಿಗೂ ಮೀರಿದ ಪರಿಹಾರದಲ್ಲಿ ಕೊನೆಗೊಂಡವು.

4. ಸರ್ಕಾರಗಳ ಆಜ್ಞೆ : 2021ರ ಅಕ್ಟೋಬರ್‌ನಲ್ಲಿ ಚೀನಾ ರಸಗೊಬ್ಬರಗಳ ರಫ್ತಿಗೆ ಮೊದಲು ತಪಾಸಣೆ ಕಡ್ಡಾಯ ಮಾಡಿದಾಗ, ಅಲ್ಲಿಂದ ಬರುವ ಗೊಬ್ಬರ ಕಡಿಮೆಯಾಗಿ ನಮ್ಮಲ್ಲಿ ಡಿ.ಎ.ಪಿ. ಪರದಾಟ ಹೆಚ್ಚಿತು. 2020ರ ಆರಂಭದಲ್ಲಿ ಕೋವಿಡ್‌ನಿಂದಾಗಿ ಚೀನಾಕ್ಕೆ ಸಾಗಣೆ ನಿಂತಾಗ ಗುಂಟೂರಿನಲ್ಲಿ ತೇಜ ಮೆಣಸಿನಕಾಯಿಯ ಧಾರಣೆ ಕುಸಿಯಿತು. ನಮ್ಮ ಕಡೆಯಿಂದಲೂ ಹೀಗೆ ಆಗಿದೆ. ಚೀನಾ ನಮ್ಮ ನುಚ್ಚಕ್ಕಿಯ ದೊಡ್ಡ ಗಿರಾಕಿಯಾಗಿದ್ದ ಕಾಲದಲ್ಲಿಯೇ, 2022ರ ಸೆಪ್ಟೆಂಬರ್‌ನಲ್ಲಿ ಭಾರತ ಸರ್ಕಾರ ನುಚ್ಚಕ್ಕಿಯ ರಫ್ತನ್ನು ನಿಷೇಧಿಸಿತು. ಅದನ್ನು ತೆರವು ಮಾಡಿದ್ದು 2025ರ ಮಾರ್ಚ್‌ನಲ್ಲಿ. ಆದ್ದರಿಂದ ಒಬ್ಬನೇ ಗಿರಾಕಿಯನ್ನು ನಂಬಿ ಇಡೀ ಕ್ಷೇತ್ರಕ್ಕೆ ಒಂದೇ ಬೆಳೆ ಹಾಕಬಾರದು.

ರೈತರು ಹಾಗೂ ರೈತ ಸಂಘಗಳು ಅನುಸರಿಸಬೇಕಾದ ಕ್ರಮಗಳು

ಅ) ಮೊದಲು ತುಂಡು ಗದ್ದೆಯಲ್ಲಿ ಪರೀಕ್ಷಿಸಿ. ಯಾವುದೇ ಹೊಸ ಹೈಬ್ರಿಡ್ ಆಗಲಿ, ಪಕ್ಕದಲ್ಲಿಯೇ ನಿಮಗೆ ಗೊತ್ತಿರುವ ತಳಿಯನ್ನು ಹಾಕಿ, ಎರಡಕ್ಕೂ ಒಂದೇ ಗೊಬ್ಬರ, ಒಂದೇ ನೀರು ಕೊಟ್ಟು, ಕನಿಷ್ಠ ಎರಡು ಹಂಗಾಮು ನೋಡಬೇಕು. ಬೆಂಕಿ ರೋಗ, ದುಂಡಾಣು ಎಲೆ ಅಂಗಮಾರಿ, ಕಂದು ಜಿಗಿಹುಳುವಿನ ಬಾಧೆಯನ್ನು ಬರೆದಿಡಬೇಕು. ಒಣ ಭತ್ತವನ್ನು ತೂಗಿ, ಗಿರಣಿಯಲ್ಲಿ ಮಾಡಿಸಿ, ಅನ್ನ ಬೇಯಿಸಿ ನೋಡುವವರೆಗೆ ಪರೀಕ್ಷೆ ಮುಗಿಯುವುದಿಲ್ಲ.

ಆ) ಇಳುವರಿಯನ್ನಲ್ಲ, ಲಾಭವನ್ನು ಲೆಕ್ಕ ಹಾಕಿ. ಒಂದು ಉದಾಹರಣೆ ನೋಡೋಣ. ಎಕರೆಗೆ ಸಾಮಾನ್ಯ ತಳಿಯ ಬೀಜ 25 ಕಿ.ಗ್ರಾಂ., ಕಿಲೋಗೆ 40 ರೂಪಾಯಿಯಂತೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ಹೈಬ್ರಿಡ್ ಬೀಜ 6 ಕಿ.ಗ್ರಾಂ., ಕಿಲೋಗೆ 300 ರೂಪಾಯಿಯಂತೆ 1,800 ರೂಪಾಯಿ. ಹೆಚ್ಚಿನ ಖರ್ಚು 800 ರೂಪಾಯಿ. ಭತ್ತ ಕ್ವಿಂಟಲಿಗೆ 2,000 ರೂಪಾಯಿಯಾದರೆ 40 ಕಿ.ಗ್ರಾಂ. ಹೆಚ್ಚು ಬಂದರೆ ಸಾಕು, ಬೀಜದ ಖರ್ಚು ತೀರುತ್ತದೆ. ಆದರೆ ಅನ್ನದ ಗುಣ ಹಿಡಿಸದೆ ವ್ಯಾಪಾರಿ ಕ್ವಿಂಟಲಿಗೆ 150 ರೂಪಾಯಿ ಕಡಿಮೆ ಕೊಟ್ಟರೆ ಲೆಕ್ಕ ತಿರುಗುತ್ತದೆ. ಸಾಮಾನ್ಯ ತಳಿಯ 25 ಕ್ವಿಂಟಲಿನ ಆದಾಯಕ್ಕೆ ಸರಿಗಟ್ಟಲು ಹೈಬ್ರಿಡ್ ಸುಮಾರು 27.5 ಕ್ವಿಂಟಲ್ ಕೊಡಬೇಕಾಗುತ್ತದೆ. ನಿಮ್ಮ ಊರಿನ ಬೆಲೆಗಳನ್ನು ಹಾಕಿ ಈ ಲೆಕ್ಕ ಮಾಡಿದ ಮೇಲೆಯೇ ತೀರ್ಮಾನಿಸಬೇಕು.

ಇ) ಬಿಲ್ಲು, ಚೀಟಿ, ಚೀಲ ಇವನ್ನು ಕಾಪಾಡಿ. ಚೀಲದ ಲೇಬಲ್ ಮತ್ತು ಒಂದು ಹಿಡಿ ಬೀಜವನ್ನು ಕಟಾವು ಮುಗಿಯುವವರೆಗೆ ತೆಗೆದಿಡಬೇಕು. ಬೀಜ ಕೊಳ್ಳುವ ರೈತನೂ ಗ್ರಾಹಕನೇ ಎಂದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಂತೆ, ನೋಂದಾಯಿತ ತಳಿ ಹೇಳಿದಷ್ಟು ಫಲ ಕೊಡದಿದ್ದರೆ ರೈತ ಪರಿಹಾರ ಕೇಳಬಹುದು. ಆದರೆ ಕೇಳಲು ಇಲ್ಲಿ ಒಬ್ಬ ಹೊಣೆಗಾರ ಇರಬೇಕು. ಬಿಲ್ಲಿನಲ್ಲಿ ಭಾರತದ ಆಮದುದಾರ ಅಥವಾ ಮಾರಾಟಗಾರನ ಹೆಸರು, ವಿಳಾಸ ಇಲ್ಲದ ಸರಕನ್ನು ಕೊಳ್ಳಬಾರದು. ಯಂತ್ರವಾದರೆ ಬಿಡಿ ಭಾಗಗಳು ನಿಮ್ಮ ತಾಲ್ಲೂಕಿನಲ್ಲಿ ದೊರೆಯುತ್ತವೆಯೆ ಎಂದು ಮೊದಲೇ ವಿಚಾರಿಸಬೇಕು.

ಈ) ಗೊತ್ತಿಲ್ಲದ ಬೀಜ ಬಿತ್ತಬೇಡಿ. ಬೇಡಿಕೆ ಇಲ್ಲದೆಯೇ ಚೀನಾದಿಂದ ಅಂಚೆಯಲ್ಲಿ ಬಂದ ಬೀಜದ ಪೊಟ್ಟಣಗಳು 2020ರಲ್ಲಿ ಅಮೆರಿಕ ಮೊದಲಾದ ದೇಶಗಳಲ್ಲಿ ಗಾಬರಿ ಹುಟ್ಟಿಸಿದವು. ನಮ್ಮ ಕೃಷಿ ಇಲಾಖೆಯೂ ಎಚ್ಚರಿಕೆ ನೀಡಿತು. ಹೊರದೇಶದ ಬೀಜಕ್ಕೆ ಆಮದು ಪರವಾನಗಿ ಮತ್ತು ಸಸ್ಯ ಸಂರೋಧ ತಪಾಸಣೆ ಕಡ್ಡಾಯ. ಜೇಬಿನಲ್ಲಿ ತಂದ ಹಿಡಿ ಬೀಜದೊಡನೆ ಹೊಸ ರೋಗವೂ ಬರಬಹುದು.

ಉ) ನಿಮ್ಮ ನಾಟಿ ತಳಿಯನ್ನು ಬಿಟ್ಟಿಯಾಗಿ ಕೊಡಬೇಡಿ. ಹೊರದೇಶದ ಸಂಸ್ಥೆಗಳು ನಮ್ಮ ತಳಿ, ಗಿಡಮೂಲಿಕೆ ಅಥವಾ ಮಣ್ಣಿನ ಸೂಕ್ಷ್ಮಜೀವಿಗಳನ್ನು ಸಂಶೋಧನೆಗೆ ಒಯ್ಯಬೇಕಾದರೆ 2002ರ ಜೀವ ವೈವಿಧ್ಯ ಕಾಯಿದೆಯಂತೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವ ವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಯಾರಾದರೂ ಮಾದರಿ ಕೇಳಿಕೊಂಡು ಬಂದರೆ ಗ್ರಾಮದ ಜೀವ ವೈವಿಧ್ಯ ಸಮಿತಿಗೆ ತಿಳಿಸಬೇಕು. ವಿಶಿಷ್ಟ ತಳಿಯಿದ್ದರೆ ರೈತನ ಹೆಸರಿನಲ್ಲಿಯೇ ನೋಂದಾಯಿಸಲು ಅವಕಾಶವಿದೆ.

ಊ) ಷರತ್ತು ಕನ್ನಡದಲ್ಲಿಯೂ ಇರಲಿ. ಖರೀದಿ ಅಥವಾ ಬೀಜೋತ್ಪಾದನೆಯ ಒಪ್ಪಂದದಲ್ಲಿ ಬೆಲೆ, ತೇವಾಂಶ, ಗುಣಮಟ್ಟವನ್ನು ಅಳೆಯುವವರು ಯಾರು, ಹಣ ಯಾವ ದಿನ ಬರುತ್ತದೆ, ಸರಕು ತಿರಸ್ಕಾರವಾದರೆ ನಷ್ಟ ಯಾರದು, ವ್ಯಾಜ್ಯ ಬಂದರೆ ಯಾವ ಊರಿನ ನ್ಯಾಯಾಲಯ ಎಂಬ ಐದು ಅಂಶಗಳು ಸ್ಪಷ್ಟವಾಗಿ ಇರಲೇಬೇಕು. ಸಂಘಗಳು ಹೊರದೇಶಕ್ಕೆ ನೇರವಾಗಿ ಮಾರುವಾಗ ಬರಿಯ ಬಾಯಿಮಾತನ್ನು ನಂಬದೆ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಮೂಲಕ ವ್ಯವಹರಿಸಬೇಕು. ಆಹಾರ ಪದಾರ್ಥ ತಯಾರಿಸುವ ಹೊರದೇಶದ ಘಟಕಗಳು ತನ್ನಲ್ಲಿ ನೋಂದಾಯಿಸಿಕೊಂಡಿರಬೇಕೆಂದು ಚೀನಾ 2022ರ ಜನವರಿಯಿಂದ ಕಡ್ಡಾಯ ಮಾಡಿದೆ. ನಿಮ್ಮ ಸರಕನ್ನು ಕೊಳ್ಳುವ ರಫ್ತುದಾರನಿಗೆ ಈ ನೋಂದಣಿ ಇದೆಯೆ ಎಂಬುದನ್ನು ಬಿತ್ತನೆಗೆ ಮೊದಲೇ ಕೇಳಬೇಕು.

ಋ) ಹಾಸಿಗೆ ಇದ್ದಷ್ಟು ಕಾಲು ಚಾಚಿ. ಹೊಸ ಪಾಲುದಾರನೊಡನೆ ಮೊದಲ ವರ್ಷ, ಪೂರ್ತಿ ಕೈಬಿಟ್ಟುಹೋದರೂ ಮನೆ ನಡೆಯುವಷ್ಟು ಭೂಮಿಯನ್ನು ಮಾತ್ರ ತೊಡಗಿಸಬೇಕು. ಉಳಿದ ಭೂಮಿಯಲ್ಲಿ ಸ್ಥಳೀಯ ಮಾರುಕಟ್ಟೆಯಿರುವ ಬೆಳೆಯೇ ಇರಲಿ.

ಯುವಾನ್ ಲಾಂಗ್‌ಪಿಂಗ್ ಅವರು 2021ರ ಮೇ 22ರಂದು ತೀರಿಕೊಂಡರು. ಅವರ ಕೆಲಸದ ಫಲವನ್ನು ಕಾವೇರಿ ಬಯಲಿನ ರೈತರೂ ಉಂಡಿದ್ದಾರೆ. ವಿದ್ಯೆಯನ್ನು ಯಾವ ದಿಕ್ಕಿನಿಂದ ಬಂದರೂ ಸ್ವೀಕರಿಸಬೇಕು. ಆದರೆ ಅದನ್ನು ನಮ್ಮ ಗದ್ದೆಯಲ್ಲಿ ಪರೀಕ್ಷಿಸಿ, ಮೂಲವನ್ನು ನಮ್ಮ ಕೈಯಲ್ಲಿಟ್ಟುಕೊಂಡು, ಷರತ್ತನ್ನು ಬರೆಸಿಕೊಂಡು, ಇನ್ನೊಂದು ಬಾಗಿಲನ್ನು ತೆರೆದಿಟ್ಟು ಮುಂದುವರಿಯಬೇಕು. ಹೊಸ ಬೀಜ ಅಥವಾ ಒಪ್ಪಂದದ ಪ್ರಸ್ತಾಪ ಬಂದಾಗ, ಸಹಿ ಹಾಕುವ ಮೊದಲು ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಕಂಡು, ಕಾಗದಪತ್ರಗಳನ್ನು ತೋರಿಸಿ ಸಲಹೆ ಪಡೆಯಬಹುದು.